ತುಟಿಗೆ ಸಿಕ್ಕಿದ ಮೀನು

ಕುವೈತಿನ ಖೈತಾನಿನಲ್ಲಿದ್ದ ನಮ್ಮ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕದಲ್ಲೇ, ಹಳೆಯ ಉಪ್ಪಿನಕಾಯಿ ಬಾಟಲಿಯ ತುಂಬ ಮೀನಿನ ಮೊಟ್ಟೆ ಇರುತ್ತಿತ್ತು. ತಿನ್ನುವುದಕ್ಕಲ್ಲ, ಗಾಳಕ್ಕೆ ಕಟ್ಟುವುದಕ್ಕೆ. ಉಪ್ಪು ಹಾಕಿ ಎಷ್ಟು ಬಿಗಿಯಾಗಿ ಮುಚ್ಚಿಟ್ಟರೂ ವಾಸನೆ ಮಾತ್ರ ಮುಚ್ಚಳಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ನಾನು ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ದಿನವಿಡೀ ನಿಂತು, ಅಳುವ ಮಕ್ಕಳ ಕೈಕಾಲು ಹಿಡಿದು ಸೂಜಿ ಚುಚ್ಚಿ, ವ್ಯಾನಿನ ಕಿಟಕಿಗೆ ತಲೆ ಆನಿಸಿ ಬಾಯಿ ತೆರೆದು ನಿದ್ದೆ ಮಾಡುತ್ತ ಬಂದು, ತಣ್ಣಗಿನ ನೀರಿಗೆಂದು ಫ್ರಿಜ್ ತೆಗೆದರೆ ಮೊದಲು ಎದುರಾಗುತ್ತಿದ್ದದ್ದು ಆ ವಾಸನೆ.

“ಹ್ವಾಯ್, ಇದನ್ನ ಎಲ್ಲಿಗಾರೂ ಸಾಗ್ಸಿ” ಅನ್ನುತ್ತಿದ್ದೆ.

“ಶುಕ್ರವಾರದ್ ವರೆಗೆ ತಡ್ಕೋ ಮರಾಯ್ತಿ” ಅನ್ನುತ್ತಿದ್ದರು ನಮ್ಮವರು. ಶುಕ್ರವಾರ ಆದ ಮೇಲೆ ಬಾಟಲಿ ಮತ್ತೆ ತುಂಬುತ್ತಿತ್ತು. ಮಗಳು ಮೂಗು ಹಿಡಿದುಕೊಂಡು “ಮಮ್ಮಿ, ಇಟ್ಸ್ ಸೋ ಸ್ಮೆಲ್ಲಿ” ಅಂತ ನನ್ನ ಪಕ್ಷ ವಹಿಸುತ್ತಿದ್ದಳು. ನಾವು ಗಂಡ ಹೆಂಡತಿ ಇಬ್ಬರೂ ಕುಂದಾಪುರದ ಕಡೆಯವರು, ಮನೆಯಲ್ಲಿ ಆಡುವುದು ಅಲ್ಲಿಯದೇ ಕನ್ನಡ. ಅವಳಿಗೆ ಅದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಮ್ಮವರು ಮೊದಲು ಶುವೈಖಿನ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಬೇಸಿಗೆಯಲ್ಲಿ ಆ ಕಂಪನಿ ಬಾಗಿಲು ಹಾಕಿತು. ಖಲಾಸ್ ಅಂದರು, ಮುಗಿಯಿತು. ಊರಿಗೆ ಹೋಗೋಣವೆಂದರೆ ಮಗಳ ಸ್ಕೂಲು ಇಲ್ಲಿ, ನನ್ನ ಕೆಲಸ ಇಲ್ಲಿ. ನರ್ಸುಗಳು ಗಂಡನ ಇಕಾಮಾವನ್ನು, ಅಂದರೆ ವಾಸದ ಪರವಾನಗಿಯನ್ನು, ತಮ್ಮ ಹೆಸರಿನ ಮೇಲೆ ಮಾಡಿಸಿಕೊಳ್ಳಬಹುದು ಅಂತ ಯಾರೋ ಹೇಳಿದರು. ಓಡಾಡಿ ಮಾಡಿಸಿದೆವು. ಆ ಇಕಾಮಾದಲ್ಲಿರುವವರು ಈ ದೇಶದಲ್ಲಿ ಇರಬಹುದು, ಆದರೆ ಕೆಲಸ ಮಾಡುವ ಹಾಗಿಲ್ಲ.

“ಈಗ ನೀನೇ ನನ್ ಕಫೀಲ್ ಅಲ್ದಾ” ಅಂತ ಅವರು ನಕ್ಕರು. ನಾನೂ ನಕ್ಕೆ. ಕಫೀಲ್ ಅಂದರೆ ಇಲ್ಲಿ ನಮ್ಮ ಇರುವಿಕೆಗೇ ಹೊಣೆಗಾರ, ಅವನ ಸಹಿ ಇಲ್ಲದೆ ನಮ್ಮದೊಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಪರಿಚಯದವರ ಮನೆಗೆ ಊಟಕ್ಕೆ ಹೋದಾಗ “ಕಫೀಲ್ ಬಂದ್ರ್, ಎಲ್ಲ ಎದ್ದ್ ನಿಲ್ಲಿ” ಅಂತ ಅವರೇ ತಮಾಷೆ ಮಾಡುತ್ತಿದ್ದರು. ಅದು ಸ್ವಲ್ಪ ಕಾಲ. ಆಮೇಲೆ ಅದೇ ತಮಾಷೆಯನ್ನು ಬೇರೆಯವರು ಶುರು ಮಾಡಿದರು, ಇವರು ನಿಲ್ಲಿಸಿದರು.

ಮನೆಯ ಕೆಲಸವೆಲ್ಲ ಅವರೇ ವಹಿಸಿಕೊಂಡರು. ಅನ್ನ, ಸಾರು, ಬಟ್ಟೆ, ಮಗಳ ಹೋಮ್‌ವರ್ಕ್, ಯಾವುದಕ್ಕೂ ಹೆಸರಿಡುವಂತಿರಲಿಲ್ಲ. ಆದರೂ ಬೆಳಿಗ್ಗೆ ಹಿಂದೆ ಗೋದಾಮಿಗೆ ಹೊರಡುತ್ತಿದ್ದ ಹೊತ್ತಿಗೇ ಏಳುತ್ತಿದ್ದರು. ಶೇವ್ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದು ಅದೇ ಅಂಗಿಯಲ್ಲಿ ಸೋಫಾದ ಮೇಲೆ ಕೂರುತ್ತಿದ್ದರು. ಮಧ್ಯಾಹ್ನದ ಡ್ಯೂಟಿಯ ದಿನ ನಾನು ಮನೆಯಲ್ಲಿದ್ದಾಗ ಅದನ್ನು ನೋಡಿ ಸಂಕಟವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಸಿಟ್ಟೂ ಬರುತ್ತಿತ್ತು. ಹೊಟ್ಟೆಪಾಡಿಗೆ ಓಡಾಡಿ ಸುಸ್ತಾದವಳಿಗೆ ಇನ್ನೊಬ್ಬರ ಸುಮ್ಮನೆ ಕೂರುವಿಕೆಯನ್ನು ಸಹಿಸುವುದು ಸುಲಭವಲ್ಲ, ಅವರು ಎಷ್ಟೇ ನಮ್ಮವರಾದರೂ.

ಒಂದು ದಿನ ಇದ್ದಕ್ಕಿದ್ದ ಹಾಗೆ ಹೇಳಿದರು: “ಇನ್ಮೇಲೆ ಮನೆಗೆ ಮೀನ್ ನಾನ್ ತತ್ತೆ. ನೀನ್ ಮಾರ್ಕೆಟಂಗೆ ತಕಂಬುದ್ ಬೇಡ.”

ನಾವು ಮೀನಿಲ್ಲದೆ ಊಟ ಇಳಿಯದ ಜನ. ಆ ಮಾತಿನ ತೂಕ ನನಗೆ ತಿಳಿಯಿತು. ಬಾಡಿಗೆ ನನ್ನದು, ಅಕ್ಕಿ ನನ್ನದು, ಕೊನೆಗೆ ಅವರ ಇಕಾಮಾ ಕೂಡ ನನ್ನದು. ಮೀನೊಂದು ಅವರ ಕೈಯಿಂದ ಬರಲಿ ಅನ್ನಿಸಿರಬೇಕು. ಅವತ್ತಿನಿಂದ ನಾನು ಮೀನಿನಂಗಡಿಯ ಮುಂದೆ ಹಾದುಹೋದರೂ ತಲೆ ತಿರುಗಿಸುತ್ತಿರಲಿಲ್ಲ. ಅವರಿಗೆ ಸಿಕ್ಕಿದರೆ ಮೀನು, ಇಲ್ಲದಿದ್ದರೆ ತೊಗರಿಬೇಳೆ.

ಇವರು ಹುಟ್ಟಿ ಬೆಳೆದದ್ದು ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ. ಬಿದಿರಿನ ಕೋಲು, ದಾರ, ದಾರಕ್ಕೊಂದು ಬೆಂಡು. ಬೆಂಡು ನೀರಿನ ಮೇಲೆ ತೇಲುತ್ತದೆ, ಕೆಳಗೆ ಗಾಳ ತೂಗುತ್ತದೆ, ಮೀನು ಬಾಯಿ ಹಾಕಿದರೆ ಬೆಂಡು ಮುಳುಗುತ್ತದೆ. ಅಷ್ಟೇ ವಿದ್ಯೆ. ಇಲ್ಲಿ ಕೋಲು ಪೇಟೆಯದಾಯಿತು, ಬೆಂಡು ಕೆಂಪು ಪ್ಲಾಸ್ಟಿಕ್ಕಿನದಾಯಿತು. ಶುವೈಖಿನ ಬಂದರಿನ ಆಚೆ ಕಲ್ಲು ಪೇರಿಸಿದ ದಂಡೆಯೊಂದಿತ್ತು. ಶುಕ್ರವಾರ ಬೆಳಿಗ್ಗೆ ಗ್ಯಾರೇಜುಗಳೆಲ್ಲ ಮುಚ್ಚಿ ಆ ಕಡೆ ಊರೇ ಬಿಕೋ ಎನ್ನುವಾಗ, ದುಡಿಯುವ ದೇಶದೇಶದ ಗಂಡಸರು ಅಲ್ಲಿ ಸಾಲಾಗಿ ನಿಂತು ಗಾಳ ಹಾಕುತ್ತಿದ್ದರು. ಆಗ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಮೊದಮೊದಲು ಇವರೂ ಎಲ್ಲರಂತೆ ಸಿಗಡಿಯನ್ನೇ ಕಟ್ಟುತ್ತಿದ್ದರು. ಪುಟಾಣಿ ಮೀನುಗಳು ಅದನ್ನು ಕಿತ್ತು ತಿಂದು ಬರೀ ಗಾಳ ವಾಪಸ್ ಕಳಿಸುತ್ತಿದ್ದವು. ಮೊಟ್ಟೆಯ ಉಪಾಯ ಬಂದದ್ದು ನಮ್ಮ ಕ್ಲಿನಿಕ್ಕಿನಿಂದ. ನನ್ನ ಜೊತೆಯಲ್ಲಿದ್ದ ಫಿಲಿಪ್ಪೀನ್ಸಿನ ನರ್ಸಿನ ತಮ್ಮ ಕೆನಡಾದಲ್ಲಿದ್ದ. ಚಳಿಯ ಹೊಳೆಯಲ್ಲಿ ಸೊಂಟದವರೆಗೆ ನಿಂತು ಸಾಲ್ಮನ್ ಮೀನು ಹಿಡಿಯುವ ಅವನ ಫೋಟೋಗಳನ್ನು ಅವಳು ಎಲ್ಲರಿಗೂ ತೋರಿಸುತ್ತಿದ್ದಳು. ಅಲ್ಲಿ ಮೀನಿನ ಮೊಟ್ಟೆಯನ್ನೇ ತೆಳ್ಳಗಿನ ಬಲೆಬಟ್ಟೆಯಲ್ಲಿ ಪುಟ್ಟ ಗಂಟು ಕಟ್ಟಿ, ಬೆಂಡಿನ ಕೆಳಗೆ ತೂಗುಬಿಟ್ಟು, ಹೊಳೆಯ ಹರಿವಿನಲ್ಲಿ ತೇಲಿಸುತ್ತಾರಂತೆ. ಬೆಳ್ಳುಳ್ಳಿ ಸುಲಿಯುತ್ತ ಮಾತಿಗೆ ಮಾತು ಬಂದು ಇದನ್ನು ಮನೆಯಲ್ಲಿ ಹೇಳಿದ್ದೇ ಹೇಳಿದ್ದು, ಇವರು ನನ್ನನ್ನು ಬಿಡಲಿಲ್ಲ. ಗಂಟು ಎಷ್ಟು ದೊಡ್ಡದು ಕೇಳು, ಬೆಂಡಿನಿಂದ ಎಷ್ಟು ಕೆಳಗೆ ಕೇಳು. ರೋಗಿಗಳ ನಡುವೆ ನಾನು ಸಾಲ್ಮನ್ನಿನ ಯೋಗಕ್ಷೇಮ ವಿಚಾರಿಸಬೇಕಾಯಿತು.

ಆ ನರ್ಸು ಇನ್ನೊಂದು ಮಾತು ಹೇಳಿದಳು. ಮೊಟ್ಟೆ ಇಡಲು ಹೊಳೆ ಹತ್ತುವ ಸಾಲ್ಮನ್ ದಾರಿಯಲ್ಲಿ ಊಟ ಬಿಟ್ಟಿರುತ್ತದಂತೆ. ಹಾಗಾಗಿ ಕೆಲವರು ಬಾಯಿಗೆ ಸಿಗಲಿ ಅಂತ ಕಾಯದೆ, ದೊಡ್ಡ ಗಾಳವನ್ನು ನೀರಿನಲ್ಲಿ ಗೀರಿ ಎಳೆದು ಮೈಗೆ ಸಿಕ್ಕಿಸಿ ದಡಕ್ಕೆ ತರುತ್ತಾರಂತೆ. ಅವಳ ತಮ್ಮ ಇದ್ದ ಕಡೆ ಅದು ತಪ್ಪು. ಬಾಯಿ ಬಿಟ್ಟು ಬೇರೆಲ್ಲಿ ಸಿಕ್ಕಿದರೂ ಮೀನನ್ನು ವಾಪಸ್ ನೀರಿಗೆ ಬಿಡಬೇಕು.

ಅದನ್ನು ಕೇಳಿ ಇವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. “ಕಾಣ್! ಅಲ್ಲಿ ಕಾನೂನೇ ಇತ್ತಂಬ್ರ್! ನಾ ಹೇಳ್ತಿದ್ದದ್ದ್ ಎಂತ?” ಇವರದೂ ಸಣ್ಣಂದಿನಿಂದ ಅದೇ ಪಟ್ಟು. ಆಮೇಲೆ ಕೇಳಿದರು: “ಅಲ್ದಾ, ಊಟ ಬಿಟ್ಟ್ ಮೀನ್ ಮತ್ತ್ ಮೊಟ್ಟೆಗ್ ಬಾಯಿ ಎಂತಕ್ ಹಾಕುದ್?”

ಅದನ್ನೂ ಮರುದಿನ ಕೇಳಿದೆ. ಯಾರಿಗೂ ಗೊತ್ತಿಲ್ಲ, ಹಳೆಯ ಅಭ್ಯಾಸ ಇರಬೇಕು ಅಂದಳು. ನನಗೆ ಇಸ್ತ್ರಿ ಅಂಗಿ ತೊಟ್ಟು ಸೋಫಾದಲ್ಲಿ ಕೂರುವವರ ನೆನಪಾಯಿತು. ಮನೆಗೆ ಬಂದು ಆ ಉತ್ತರವನ್ನು ಮಾತ್ರ ಹೇಳಲಿಲ್ಲ.

ಹೀಗೆ ನಮ್ಮ ಫ್ರಿಜ್ಜಿಗೆ ಬಾಟಲಿ ಬಂತು. ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಡುವವರು ಬಿಸಾಡುವ ಮೊಟ್ಟೆಯನ್ನು ಇವರು ಕೇಳಿ ತರುತ್ತಿದ್ದರು. ನಾನು ಫಾರ್ಮಸಿಯಿಂದ ಗಾಯಕ್ಕೆ ಕಟ್ಟುವ ತೆಳ್ಳಗಿನ ಗಾಜ್ ಬಟ್ಟೆ ತರುತ್ತಿದ್ದೆ. ಗುರುವಾರ ಸಂಜೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಕೂರುತ್ತಿದ್ದೆವು. ಅವರು ಮೊಟ್ಟೆಯನ್ನು ಗೋಲಿಯಷ್ಟು ಅಳತೆಗೆ ಆ ಬಟ್ಟೆಯ ತುಂಡಿನ ಮೇಲಿಟ್ಟು ಕೊಡುವುದು, ನಾನು ದಾರ ಸುತ್ತಿ ಗಂಟು ಹಾಕುವುದು. “ನಿನ್ ಗಂಟ್ ಬಿಚ್ಚುದೇ ಇಲ್ಲೆ” ಅನ್ನುತ್ತಿದ್ದರು. ಎಷ್ಟು ದಣಿದಿದ್ದರೂ ಆ ಹೊತ್ತು ನನಗೆ ಇಷ್ಟವಾಗುತ್ತಿತ್ತು. ಕೈ ವಾಸನೆ ಎರಡು ದಿನ ಹೋಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ರಜೆ ಇದ್ದ ಶುಕ್ರವಾರ ನಾನೂ ಜೊತೆಗೆ ಹೋಗಿ, ಮಡಚುವ ಕುರ್ಚಿಯಲ್ಲಿ ಮುಖಕ್ಕೆ ದುಪಟ್ಟಾ ಹಾಕಿಕೊಂಡು ಮಲಗುತ್ತಿದ್ದೆ. ಅಂಥ ಒಂದು ದಿನ ಗದ್ದಲಕ್ಕೆ ಎಚ್ಚರವಾಯಿತು. ಇವರ ಕೋಲು ಬಾಗಿತ್ತು. ದೊಡ್ಡ ಶೈಮ್. ಬೆಳ್ಳಿ ಮೈ, ಹಳದಿ ರೆಕ್ಕೆ, ಇಲ್ಲಿಯವರಿಗೆ ಬಹಳ ಪ್ರೀತಿಯ ಮೀನು. ನೋಡಿದ ಕೂಡಲೇ ನನ್ನ ಕಣ್ಣಿಗೆ ಕಂಡದ್ದು ಕಾವಲಿಯ ಮೇಲೆ ಮಸಾಲೆ ಸಮೇತ. ದಡಕ್ಕೆ ಬಂದ ಮೇಲೆ ನೋಡಿದರೆ ಗಾಳ ಬಾಯಲ್ಲಿರಲಿಲ್ಲ, ಪಕ್ಕೆಗೆ ನಾಟಿತ್ತು. ಮೀನು ಬಾಯಿ ಹಾಕಿ ಬಿಟ್ಟು ತಿರುಗುವಾಗ ಇವರು ಎಳೆದಿರಬೇಕು. ಇವರು ಒದ್ದೆ ಕೈಯಿಂದ ಗಾಳ ಬಿಡಿಸಿ, ಕಲ್ಲಿನ ಸಂದಿಯಲ್ಲಿ ಬಗ್ಗಿ, ಮೀನನ್ನು ಎರಡೂ ಕೈಯಲ್ಲಿ ನೀರಿಗಿಟ್ಟು ಬಿಟ್ಟೇಬಿಟ್ಟರು.

“ಭಾಯಿ, ದಿಮಾಗ್ ಠೀಕ್ ಹೈ ಕ್ಯಾ?” ಅಂದ ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಒಬ್ಬ ಡ್ರೈವರ್. ಅವನ ಕೈಯಲ್ಲಿ ಮೂರು ಮುಳ್ಳಿನ ದೊಡ್ಡ ಗಾಳ ಇತ್ತು. ಮೈದ್ ಅನ್ನುವ ಮೀನು ಹಿಂಡು ಹಿಂಡಾಗಿ ದಂಡೆಗೆ ತಾಗಿಕೊಂಡು ಬಂದಾಗ ಅದನ್ನು ಎಸೆದು ರಪರಪ ಎಳೆಯುತ್ತಿದ್ದರು. ಹೊಟ್ಟೆಗೋ ಬಾಲಕ್ಕೋ ಸಿಕ್ಕಿ ಬರುತ್ತಿದ್ದವು, ಅರ್ಧ ಹರಿದುಕೊಂಡು ಹೋಗುತ್ತಿದ್ದವು. ಇವರು ಅವನಿಗೆ ತಮ್ಮ ಮುರುಕು ಹಿಂದಿಯಲ್ಲಿ ಏನೋ ಹೇಳಹೋದರು. ಅವನು ನಕ್ಕ.

ವಾಪಸ್ ಬರುವಾಗ ಕಾರಿನಲ್ಲಿ ನಾನು ಸುಮ್ಮನಿರಲಿಲ್ಲ. “ಮೀನಿಗೆ ಬಾಯಿಯೂ ಒಂದೇ ಮೈಯೂ ಒಂದೇ. ಹ್ಯಾಂಗೂ ಸಾಯುದಲ್ದಾ? ವಾರ ಇಡೀ ದುಡ್ದ್ ಬಂದವ್ಳಿಗೆ ಒಂದ್ ತುಂಡ್ ಮೀನಿಗೂ ನಿಮ್ ಕಾನೂನಾ?”

ಖೈತಾನಿನ ಸಿಗ್ನಲ್ ಬಂತು. ಕೆಂಪು ದೀಪದಲ್ಲಿ ನಿಂತಾಗ ಹೇಳಿದರು: “ಬಾಯಿಗೆ ಸಿಕ್ರೆ ಅದ್ ಬೇಕಂತ ಬಂದದ್ದ್. ಮೈಗೆ ಸಿಕ್ರೆ ಅದ್ ಅದ್ರ ಪಾಡಿಗ್ ಹೋತಾ ಇದ್ದದ್ದ್. ಮೀನಿಗೆ ಗೊತ್ತಾತ್ತಿಲ್ಲೆ ಅಂಬುದ್ ಹೌದ್. ನಂಗ್ ಗೊತ್ತಾತ್ತಲೆ.”

ಆ ಸಂಜೆ ಬೇಳೆಸಾರು ಉಂಡೆವು. ನಾನು ಮುಖ ಊದಿಸಿಕೊಂಡೇ ಬಡಿಸಿದೆ.

ಆದರೆ ಮೀನು ಸಿಕ್ಕಿದ ದಿನದ ಗತ್ತು ಬೇರೆ. ಚೀಲವನ್ನು ಸಿಂಕಿನಲ್ಲಿಟ್ಟು, ಕೈಕಾಲೂ ತೊಳೆಯದೆ ಅಡುಗೆಮನೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ನಾನು ಮೀನು ತೊಳೆಯುವ ಮೊದಲು ಅದರ ಬಾಯಿ ತೆರೆದು ತುಟಿ ನೋಡಬೇಕು. ತುಟಿಯಲ್ಲಿ ಗಾಳ ಚುಚ್ಚಿದ ಸಣ್ಣ ತೂತು ಇರುತ್ತಿತ್ತು. “ಕಾಣ್, ಸಮಾ ತುಟಿಗೇ” ಅನ್ನುತ್ತಿದ್ದರು. ನಾನು “ಹೌದ್ ಹೌದ್, ಕಂಡೆ, ಇನ್ ಮೀಯುಕ್ ಹೋಯ್ನಿ” ಅಂತ ಓಡಿಸುತ್ತಿದ್ದೆ. ಹೋಗುವಾಗ ಅವರ ಹೆಜ್ಜೆಯೇ ಹಗುರವಾಗಿರುತ್ತಿತ್ತು.

ನಮ್ಮ ಊರ ಕಡೆಯ ಹಿರಿಯರೊಬ್ಬರು ಇಲ್ಲಿದ್ದರು, ಇವರದೇ ಅಳಿವೆಯ ಆಚೆ ದಡದವರು. ಒಮ್ಮೆ ಹೆಂಡತಿಯ ಜೊತೆ ನಮ್ಮಲ್ಲಿ ಊಟಕ್ಕೆ ಬಂದಾಗ ಸಾರಿನಲ್ಲಿದ್ದ ಮೀನಿನ ತಲೆಯನ್ನು ಅವರಿಗೇ ಬಡಿಸಿದೆ. ನಮ್ಮಲ್ಲಿ ತಲೆ ಅಂದರೆ ಮರ್ಯಾದೆ, ಹಿರಿಯರ ಬಟ್ಟಲಿಗೇ ಹೋಗಬೇಕು. ಅವರು ತಿನ್ನುವ ಮೊದಲು ಬೆರಳಿನಿಂದ ತುಟಿ ಸವರಿ, ತೂತು ಹುಡುಕಿ, “ಅಯ್ಯಬ್ಬ, ಬೆಂಡಿನ ಮೀನ್!” ಅಂದರು. ಆಮೇಲೆ ಸಿಕ್ಕಸಿಕ್ಕವರ ಹತ್ತಿರ “ಅವ ಹಿಡ್ದ್ ಮೀನಿನ ತುಟಿ ಕಾಣ್ಕ್ ಮರಾಯ್ರೆ” ಅಂತ ಹೇಳಿಕೊಂಡು ತಿರುಗಿದರು. ಕೆಲಸ ಹೋದ ಮೇಲೆ ನಮ್ಮವರ ಬಗ್ಗೆ ಜನ ಆಡಿದ ಒಳ್ಳೆಯ ಮಾತು ಅದೊಂದೇ. “ಕಫೀಲ್ ಹೇಗಿದ್ದಾರೆ” ಅಂತ ಕಿಚಾಯಿಸುತ್ತಿದ್ದವರೂ ಈಗ “ಮೀನು ಸಿಕ್ಕಿತಾ” ಅಂತ ಕೇಳತೊಡಗಿದ್ದರು. ಇವರು ಎದೆ ಸ್ವಲ್ಪ ಮುಂದೆ ಮಾಡಿಕೊಂಡು ನಡೆಯುವುದನ್ನು ನಾನು ನೋಡಿದ್ದೆ.

ಆ ಹಿರಿಯರು ನಿವೃತ್ತರಾಗಿ ಊರಿಗೆ ಹೊರಡುವುದೆಂದಾಯಿತು. ಹೊರಡುವ ಮೊದಲು ಒಂದು ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಊಟ ಅಂತ ಇವರು ಕರೆದರು. “ನಾನ್ ಹಿಡ್ದ್ ಮೀನೇ ಹಾಕ್ತೆ” ಅಂತ ಮಾತೂ ಕೊಟ್ಟರು. ಕೊಟ್ಟ ಮಾತಿಗೂ ಸಮುದ್ರಕ್ಕೂ ಏನು ಸಂಬಂಧ? ಆ ಚಳಿಗಾಲ ಗಾಳಿ ಎದ್ದು, ನೀರು ಕದಡಿ, ವಾರಗಟ್ಟಲೆ ಬೆಂಡು ಮುಳುಗಿರಲಿಲ್ಲ. ಗುರುವಾರ ಗಂಟು ಕಟ್ಟುವಾಗ “ಸಿಕ್ಲಿಲ್ಲ ಅಂದ್ರೆ ಕೋಳಿ ಮಾಡುವ” ಅಂದೆ. ಅವರು ಇನ್ನೊಂದು ತುಂಡು ಬಟ್ಟೆಗೆ ಮೊಟ್ಟೆ ಇಟ್ಟು ನನ್ನ ಕಡೆ ಸರಿಸಿದರು.

ಶುಕ್ರವಾರ ನನಗೆ ರಜೆ ಇದ್ದರೂ ಮೈ ಏಳುತ್ತಿರಲಿಲ್ಲ. ಹಿಂದಿನ ದಿನ ಜ್ವರದ ಮಕ್ಕಳ ಸಾಲು ಮುಗಿದೇ ಇರಲಿಲ್ಲ. ಎದ್ದು ತೆಂಗಿನಕಾಯಿ ತುರಿದು, ಮೆಣಸು ಹುರಿದು ಮಸಾಲೆ ರುಬ್ಬಿಟ್ಟು ಕಾದೆ. ಇವರು ಬಂದರು. ಚೀಲ ಸಿಂಕಿನಲ್ಲಿಟ್ಟರು. ಇಣುಕಿ ನೋಡಿದರೆ ಚಂದದ ಶೈಮ್‌ಗಳು, ಒಂದರ ಮೇಲೊಂದು.

“ಸಿಕ್ಕಿತಾ!” ಅಂತ ನಾನು ಹೆಚ್ಚು ಕಡಿಮೆ ಕೂಗಿದೆ.

“ಹೂಂ” ಅಂದವರು ಬಾಗಿಲಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಬಚ್ಚಲಿಗೆ ಹೋದರು.

ಮೊದಲ ಮೀನಿನ ಬಾಯಿ ತೆರೆದೆ. ತುಟಿ ನುಣ್ಣಗಿತ್ತು. ಎರಡನೆಯದೂ ಹಾಗೇ. ಕಿವಿರಿನ ಹಿಂದೆ ಕತ್ತಿನ ಸುತ್ತ ಹುರುಪೆ ಎದ್ದು, ದಾರ ಒತ್ತಿದ ಗೆರೆ ಕಾಣುತ್ತಿತ್ತು. ಬಲೆಗೆ ಬಿದ್ದ ಮೀನಿನ ಗುರುತು ಅದು, ಮೀನು ಕೊಯ್ದು ಬೆಳೆದ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಕಣ್ಣಿಗೆ ಐಸಿನ ಮಬ್ಬು ಹಿಡಿದಿತ್ತು. ಎಲ್ಲವೂ ಒಂದೇ ಅಳತೆ. ಮಾರ್ಕೆಟ್ಟಿನ ಮೀನು.

ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತೆ. ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಆ ಹಿರಿಯರು ಇನ್ನೇನು ಬರುತ್ತಾರೆ, ತಲೆ ಅವರ ಬಟ್ಟಲಿಗೆ ಹೋಗುತ್ತದೆ, ಬೆರಳು ನೇರ ತುಟಿಗೆ ಹೋಗುತ್ತದೆ. ಆಮೇಲೆ ಇಡೀ ಕುವೈತಿನಲ್ಲಿರುವ ನಮ್ಮ ಊರವರಿಗೆಲ್ಲ, ಊರಿನಲ್ಲಿರುವವರಿಗೂ, ಹೆಂಡತಿಯ ದುಡಿಮೆಯಲ್ಲಿ ಮೀನು ಕೊಂಡು, ಹಿಡಿದೆ ಅಂದವರಾಗಿಬಿಡುತ್ತಾರೆ ಇವರು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು. ಅಷ್ಟು ಹೊತ್ತು ಯಾರೂ ಮೀಯುವುದಿಲ್ಲ.

ಹೋಗಿ ಬಾಗಿಲು ಬಡಿದು ಕೇಳಬಹುದಿತ್ತು. ಕೇಳುವುದಕ್ಕೂ ತ್ರಾಣ ಬೇಕು. ಕತ್ತಿ ತೆಗೆದುಕೊಂಡೆ. ಒಂದೊಂದೇ ತಲೆಯನ್ನು, ಬಲೆಯ ಗೆರೆಯ ಸಮೇತ, ಕತ್ತರಿಸಿ ಕಸದ ಚೀಲಕ್ಕೆ ಹಾಕಿ ಗಂಟು ಬಿಗಿದೆ. ಮೀನಿನ ತಲೆಯನ್ನು ನಾನು ಕಸಕ್ಕೆ ಹಾಕಿದ್ದು ಜೀವಮಾನದಲ್ಲಿ ಅದೇ ಮೊದಲು.

ಅತಿಥಿಗಳಿಬ್ಬರೂ ಬಂದರು, ಕೂತರು. ಹಿರಿಯರ ಹೆಂಡತಿ ಸಾರಿನ ಪರಿಮಳಕ್ಕೇ ಅರ್ಧ ಹೊಟ್ಟೆ ತುಂಬಿತು ಅಂದರು. ನಾನು ಬಡಿಸಿದೆ. ಹಿರಿಯರು ಸೌಟಿನ ದಾರಿಯನ್ನೇ ನೋಡುತ್ತಿದ್ದು ಕೇಳಿದರು: “ಮಂಡೆ ಎಲ್ಲಿ ಹೆಣೆ?”

“ಮಗ್ಳಿಗೆ ಈಗೀಗ ಮೀನಿನ ಮಂಡೆ ಕಂಡ್ರೆ ಹೆದ್ರಿಕೆ. ಅದ್ಕೇ ಹಾಕ್ಲಿಲ್ಲೆ” ಅಂದೆ. ಬಾಯಿಗೆ ಬಂದದ್ದು ಅದು.

“ವಾಟ್? ಐ ಆಮ್ ನಾಟ್ ಸ್ಕೇರ್ಡ್!” ಅಂದಳು ಮಗಳು. ಎಲ್ಲರೂ ನಕ್ಕರು. ಇವರು ನಗಲಿಲ್ಲ. ಅನ್ನದಲ್ಲಿ ಇಟ್ಟ ಕೈ ಹಾಗೇ ಇತ್ತು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಬಟ್ಟಲು ನೋಡಿದರು. ಏನೋ ಹೇಳಲು ಹೊರಟವರ ಹಾಗೆ ಬಾಯಿ ತೆರೆದದ್ದನ್ನು ನಾನು ಕಂಡೆ, ಹೇಳಲಿಲ್ಲ. ಹಿರಿಯರು “ಇರ್ಲಿ ಬಿಡ್, ತುಂಡೇ ಚಂದ ಇತ್ತ್” ಅಂತ ಇನ್ನೊಂದು ಸಲ ಹಾಕಿಸಿಕೊಂಡರು. ಅಳಿವೆಯ ಮೀನು ತಿಂದು ಬೆಳೆದ ನಾಲಿಗೆಗೆ ಐಸಿನ ಮೀನು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಉಂಡರೋ, ನನಗೆ ಇವತ್ತಿಗೂ ತಿಳಿಯದು.

ಅವರು ಹೋದ ಮೇಲೆ ಮಗಳು ಪಕ್ಕದ ಮನೆಗೆ ಆಡಲು ಹೋದಳು. ಇವರು ಪಾತ್ರೆ ತೊಳೆಯುತ್ತ ಬೆನ್ನು ಹಾಕಿಕೊಂಡೇ ಕೇಳಿದರು.

“ಮಂಡೆ ಎಲ್ ಹಾಕ್ದೆ?”

“ಕಸಕ್ಕೆ.”

“ತುಟಿ ಕಂಡ್ಯಾ?”

“ಕಂಡೆ.”

ತೊಳೆದ ಬಟ್ಟಲೊಂದನ್ನು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು. ಆ ಬೆಳಿಗ್ಗೆ ಮೈದಿನ ದೊಡ್ಡ ಹಿಂಡು ದಂಡೆಗೆ ಬಂದಿತ್ತಂತೆ. ಎಲ್ಲರೂ ಎಳೆದು ರಾಶಿ ಹಾಕುತ್ತಿದ್ದರಂತೆ. ಆ ಡ್ರೈವರ್ ಇವರ ಮುಖ ನೋಡಿ ಪಾಪ ಅನ್ನಿಸಿ ತನ್ನ ಮೂರು ಮುಳ್ಳಿನ ಗಾಳವನ್ನೇ ಕೊಟ್ಟು, “ಲೇ ಲೋ ಭಾಯಿ” ಅಂದನಂತೆ.

“ಕೈಯಂಗೆ ಹಿಡ್ಕಂಡಿದೆ. ಎಸೂಕೆ ಮನ್ಸ್ ಬರ್ಲಿಲ್ಲೆ. ವಾಪಸ್ ಕೊಟ್ಟ್ ಮ್ಯಾಲೆ ಬರೀ ಕೈಯಂಗೆ ಮನಿಗೆ ಬಪ್ಪುಕೂ ಮನ್ಸ್ ಬರ್ಲಿಲ್ಲೆ. ಕಾರ್ ಮಾರ್ಕೆಟಿನ ಬದಿಗ್ ತಿರ್ಗ್ತ್.”

ನಾನು ಮೇಜಿನ ಮೇಲೆ ಉಳಿದಿದ್ದ ಮುಳ್ಳುಗಳನ್ನು ಬಾಚಿದೆ.

“ಅವ್ರ್ ಊಟಕ್ ಕೂತ್ಕೂಡ್ಲೆ ಹೇಳ್ಕಂತಲೇ ಇದ್ದೆ. ಇದ್ ತಕಂಡ್ ಬಂದ್ ಮೀನ್, ನಂಗ್ ಸಿಕ್ಲಿಲ್ಲೆ ಅಂತ. ಬಾಯಿ ತುದಿಗ್ ಬಂದಿತ್ತ್. ಅಷ್ಟೊತ್ತಿಗೆ ಅವ್ರ್ ಮಂಡೆ ಕೇಂಡ್ರ್, ನೀನ್ ಮಗ್ಳ್ ಹೆಸ್ರ್ ಹೇಳ್ದೆ. ಇನ್ ನಾನ್ ಹೇಳಿರೆ, ಎಲ್ಲರೆದ್ರ್ ಸುಳ್ಳಿ ಆಪುದ್ ನೀನಲ್ದಾ?”

ಕುರ್ಚಿ ಎಳೆದು ಕೂತೆ. ಅಳು ಬರಲಿಲ್ಲ, ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಅವರ ಮಾನ ಉಳಿಸುತ್ತೇನೆ ಅಂತ ನಾನು ತಲೆ ಕಡಿದೆ. ನನ್ನ ಮಾನ ಉಳಿಸಲು ಅವರು ಬಾಯಿ ಮುಚ್ಚಿದರು. ಅವರಿಗೆ ಸತ್ಯ ಹೇಳಲು ಇದ್ದ ಒಂದೇ ಒಂದು ಹೊತ್ತು ಹಾಗೆ ಕೈತಪ್ಪಿತು. ಆದರೂ ನನ್ನನ್ನು ಕೇಳಿದರೆ, ಅದೇ ಮೀನು ಅದೇ ಸಿಂಕಿನಲ್ಲಿ ಮತ್ತೆ ಬಿದ್ದರೆ ಮತ್ತೆ ಕತ್ತರಿಸುತ್ತೇನೆ. ನಮ್ಮವರ ತುಟಿಯನ್ನು ಊರವರು ಬೆರಳು ಹಾಕಿ ನೋಡುವುದು ನನಗೆ ಬೇಡ.

ಹಿರಿಯರು ಊರಿಗೆ ಹೋದರು. ಅದಾದ ಮೇಲೆ ಇವರು ದಂಡೆಗೆ ಹೋಗುವುದನ್ನೇ ಬಿಟ್ಟರು. ಕೇಳಿದರೆ ಗಾಳಿ ಅಂದರು, ಧೂಳು ಅಂದರು, ಮಗಳ ಪರೀಕ್ಷೆ ಅಂದರು. ಶುಕ್ರವಾರಗಳಲ್ಲೂ ಇಸ್ತ್ರಿ ಅಂಗಿ ತೊಟ್ಟು ಸೋಫಾದಲ್ಲಿ ಕೂರತೊಡಗಿದರು. ಮನೆಗೆ ಮೀನೇ ಬರಲಿಲ್ಲ, ನಾನೂ ತರಲಿಲ್ಲ. ಆ ಬಾಟಲಿಯನ್ನು ಬೈದುಕೊಂಡೇ ಇದ್ದವಳು ನಾನು, ಈಗ ಡ್ಯೂಟಿ ಮುಗಿಸಿ ಬಂದು ಫ್ರಿಜ್ ತೆಗೆಯುವಾಗ ಅದನ್ನು ಎಸೆದುಬಿಟ್ಟಿದ್ದಾರೋ ಏನೋ ಅಂತ ಮೊದಲು ಅದನ್ನೇ ಹುಡುಕುತ್ತಿದ್ದೆ. ವಾಸನೆ ಬಂದರೆ ಸಮಾಧಾನ.

ಕೊನೆಗೆ ಒಂದು ಗುರುವಾರ ಬರುವಾಗ ಫಾರ್ಮಸಿಗೆ ಹೊಕ್ಕು ಗಾಜ್ ಬಟ್ಟೆ ತಂದೆ. ಯೂನಿಫಾರ್ಮ್ ಕೂಡ ಬಿಚ್ಚದೆ ಮೇಜಿನ ಮೇಲೆ ಪೇಪರ್ ಹಾಸಿ, ಬಾಟಲಿ ತಂದಿಟ್ಟು ಕೂಗಿದೆ: “ಹ್ವಾಯ್, ಮೊಟ್ಟೆ ಒಣಗ್ತ ಇತ್ತ್. ಬನ್ನಿ, ಕಟ್ಟುವ.”

ಅವರು ಬಂದು ಬಾಟಲಿಯನ್ನೂ ನನ್ನ ಯೂನಿಫಾರ್ಮನ್ನೂ ನೋಡಿದರು. “ನಿಂಗೆ ಸುಸ್ತಾಯ್ಲಿಲ್ಯಾ?”

“ಸುಸ್ತ್ ಯಾವತ್ ಇಲ್ಲೆ ನಂಗೆ? ಕೂಕಣಿ.”

ಕೂತರು. ಅವರು ಅಳತೆ ಮಾಡಿ ಕೊಟ್ಟರು, ನಾನು ಕಟ್ಟಿದೆ.

ಮರುದಿನ ನನಗೆ ಬೆಳಗಿನ ಡ್ಯೂಟಿ ಇತ್ತು. ಮಧ್ಯಾಹ್ನ ಮನೆಗೆ ಬಂದಾಗ ಬಚ್ಚಲಲ್ಲಿ ನೀರಿನ ಸದ್ದು. ಅಡುಗೆಮನೆಯ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಸಿಂಕಿನಲ್ಲಿ ಒಂದೇ ಒಂದು ಶೈಮ್ ಮಲಗಿತ್ತು, ಅಂಗೈಗಿಂತ ಸ್ವಲ್ಪ ಉದ್ದ. ಕತ್ತಿನ ಸುತ್ತ ಹುರುಪೆ ಒಂದೂ ಅಲುಗಿರಲಿಲ್ಲ. ಕೈ ತೊಳೆದುಕೊಂಡು ಬಾಯಿ ತೆರೆದೆ. ಮೇಲಿನ ತುಟಿಯ ಮೂಲೆಯಲ್ಲಿ ಸೂಜಿ ಮೊನೆಯಷ್ಟು ತೂತು.

“ಹ್ವಾಯ್!” ಅಂತ ಕೂಗಿದೆ. “ಬನ್ನಿ ಇಲ್ಲಿ!”

ಗಾಬರಿಯಾಗಿ ಬಂದರು, ತಲೆಯಿಂದ ನೀರು ಇಳಿಯುತ್ತಿತ್ತು, ಸೊಂಟಕ್ಕೆ ಟವೆಲ್. ಹಳೆಯ ಜಾಗದಲ್ಲೇ, ಬಾಗಿಲಿನ ಚೌಕಟ್ಟಿಗೆ ಕೈ ಕೊಟ್ಟು ನಿಂತರು.

“ಕಾಣಿ, ಸಮಾ ತುಟಿಗೇ” ಅಂದೆ.

ಅವರು ಮೀನನ್ನೇ ನೋಡುತ್ತ ನಿಂತರು. “ಸಣ್ಣದಲ್ದಾ” ಅಂದರು.

“ಸಣ್ಣದಾರೆ ಎಂತ, ಮಂಡೆ ಇತ್ತಲೆ” ಅಂದೆ. ಆ ಮಧ್ಯಾಹ್ನ ಮಗಳಿಗೆ ಒಂದು ತುಂಡು, ನನಗೆ ಒಂದು ತುಂಡು ಬಡಿಸಿಕೊಂಡು, ತಲೆಯನ್ನು ಅವರ ಬಟ್ಟಲಿಗೆ ಹಾಕಿದೆ.